ತೊಟ್ಟಿಲ ಸೇವೆಗೆ ನಿಂತ ವಾಲ್ವು

ಅಂದು ಬೆಳಿಗ್ಗೆ ನಾನು ಭೀಷ್ಮಪ್ರತಿಜ್ಞೆಯನ್ನೇ ಮಾಡಿದೆ. ನಮ್ಮ ಕಾರಿನ ಹೊಗೆಯನ್ನು ಇವತ್ತೇ ನಿಲ್ಲಿಸುತ್ತೇನೆ! ಮೆಕ್ಯಾನಿಕ್ಕಿನ ಮುಖ ನೋಡದೆ, ನನ್ನ ಈ ಎರಡು ಕೈಗಳಿಂದಲೇ!

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಹಿಂದಿನ ಸಲ ಬಂದಾಗ ಕಾರಿನಿಂದಿಳಿದು, ಮೂಗು ಮುಚ್ಚಿಕೊಂಡು, “ಅಳಿಯಂದಿರೇ, ನಿಮ್ಮ ಕಾರು ಸಿಗರೇಟು ಸೇದೋದು ಯಾವಾಗ ಬಿಡುತ್ತೆ?” ಎಂದಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು. ಈಗ ಮೊಮ್ಮಗಳನ್ನು ಮೊದಲ ಸಲ ನೋಡಲು ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಸ್ಟೇಷನ್ನಿಗೆ ಹೊಗೆಯಿಲ್ಲದ ಕಾರೇ ಹೋಗಬೇಕು. ನನ್ನ ಮಾನದ ಪ್ರಶ್ನೆ!

“ರೀ, ರೈಲು ಬರೋ ಹೊತ್ತಲ್ಲಿ ಯಾಕ್ರೀ ಈ ಉಸಾಬರಿ? ಸುಮ್ನೆ ಟ್ಯಾಕ್ಸಿಗೆ ಹೇಳಿ,” ಎಂದಳು ಹೆಂಡತಿ, ಅಳುವ ಮಗುವಿನ ಬೆನ್ನು ತಟ್ಟುತ್ತಾ.

“ಟ್ಯಾಕ್ಸೀನಾ? ಮನೇಲಿ ಇಂಥ ಗಂಡ ಇರೋವಾಗ?”

“ಇಂಥ ಗಂಡ ಇರೋದಕ್ಕೇ ಹೇಳ್ತಿರೋದು!”

ಹೆಂಗಸರಿಗೆ ವಿಜ್ಞಾನ ಅರ್ಥವಾಗುವುದಿಲ್ಲವೆಂದು ಬಾನೆಟ್ ಎತ್ತಿದೆ. ಇಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಹೊಗೆಯನ್ನು ಹೊರಗೆ ಬಿಡದೆ ಮತ್ತೆ ಇಂಜಿನ್ನಿಗೇ ಕುಡಿಸುವ ಹೆಬ್ಬೆರಳಿನ ಗಾತ್ರದ ಒಂದು ವಾಲ್ವಿರುತ್ತದೆ. ಅದನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಟಕಟಕ ಅಂದರೆ ಆರೋಗ್ಯ, ಮೌನವಾಗಿದ್ದರೆ ರೋಗ. ಕೊಳವೆ ಬಿಡಿಸಿ, ವಾಲ್ವು ಎಳೆದು ಅಲ್ಲಾಡಿಸಿದೆ. ಮೌನ! ಕಳ್ಳ ಸಿಕ್ಕಿಬಿದ್ದ! ಒಳಗಿನ ಕರಿಜಿಡ್ಡನ್ನೆಲ್ಲ ತೊಳೆದು, ಒರೆಸಿ, ಮತ್ತೆ ಅಲ್ಲಾಡಿಸಿದೆ. ಟಕಟಕ! ಟಕಟಕ!

ಅಲ್ಲೇ ಮತ್ತೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗೆದ್ದವನಿಗೆ ಪ್ರೇಕ್ಷಕರು ಬೇಡವೇ? ವಾಲ್ವು ಹಿಡಿದು ಒಳಗೆ ಓಡಿದೆ.

“ಕೇಳು! ಹೇಗೆ ಮಾತಾಡ್ತಿದೆ ಕೇಳು!”

ಬೆಳಗಿನಿಂದ ಮನೆಯ ಸೂರು ಹಾರಿಸುತ್ತಿದ್ದ ಮಗು ತಟ್ಟನೆ ಅಳು ನಿಲ್ಲಿಸಿತು! ಕಣ್ಣರಳಿಸಿ ನನ್ನ ಕೈಯನ್ನೇ ನೋಡಿತು. ನಾನು ಕೈ ಇಳಿಸಿದ್ದೇ ತಡ, ಮತ್ತೆ ಶುರು.

“ನಿಲ್ಲಿಸ್ಬೇಡಿ! ಅಲ್ಲಾಡಿಸ್ತಾ ಇರಿ!” ಎಂದು ಹೆಂಡತಿ ಅಪ್ಪಣೆ ಕೊಟ್ಟಳು.

ಅಲ್ಲಾಡಿಸಿದೆ. ತೋಳು ಸೋಲುವವರೆಗೆ ಅಲ್ಲಾಡಿಸಿದೆ. ಕೊನೆಗೆ ಮಗು ತೊಟ್ಟಿಲಲ್ಲಿ ಕಣ್ಣು ಮುಚ್ಚಿತು. ನಾನು ಕಳ್ಳಹೆಜ್ಜೆಯಲ್ಲಿ ಹೊರಗೆ ಹೋಗಿ ವಾಲ್ವನ್ನು ಸ್ವಸ್ಥಾನಕ್ಕೆ ಒತ್ತಿ ಕೂರಿಸಿದೆ. ಅಷ್ಟರಲ್ಲಿ ಒಳಗಿನಿಂದ ಚೀತ್ಕಾರ!

“ರೀ! ಅದನ್ನ ಕಿತ್ಕೊಂಡು ಬನ್ನಿ!”

“ಈಗ ತಾನೇ ಹಾಕಿದ್ದೀನಿ ಕಣೇ! ರೈಲಿಗೆ ಹೊತ್ತಾಯ್ತು!”

“ಹಾಕಿದವರೇ ಕೀಳಿ! ಮಗು ಉಸಿರು ಕಟ್ಟಿ ಅಳ್ತಿದೆ!”

ಮತ್ತೆ ಬಾನೆಟ್ಟಿನೊಳಗೆ ಬಗ್ಗಿದೆ. ಅವಸರದಲ್ಲಿ ಒಂದೇ ಏಟಿಗೆ ಎಳೆದೆ. ವಾಲ್ವೇನೋ ಬಂತು. ಆದರೆ ಅದನ್ನು ಹಿಡಿದಿದ್ದ ಮುದಿ ರಬ್ಬರ್ ಬಳೆ ಬಿಸ್ಕತ್ತಿನಂತೆ ಪುಡಿಯಾಗಿ, ಅರ್ಧ ನನ್ನ ಕೈ ಸೇರಿತು, ಅರ್ಧ ಇಂಜಿನ್ನಿನ ಹೊಟ್ಟೆ ಸೇರಿತು. ಇನ್ನು ಕಾರು ಚಾಲೂ ಮಾಡುವ ಹಾಗೇ ಇಲ್ಲ! ಒಳಗೆ ಹೋದೆ. ಹೆಂಡತಿ ನನ್ನ ಕೈಯಲ್ಲಿದ್ದ ರಬ್ಬರ್ ಪುಡಿ ನೋಡಿದವಳೇ ಫೋನ್ ಎತ್ತಿ, “ಅಮ್ಮಾ, ನೀನೇ ಟ್ಯಾಕ್ಸಿ ಮಾಡ್ಕೊಂಡು ಬಂದ್ಬಿಡು,” ಎಂದಳು.

ಅತ್ತೆ ಬಂದಾಗ ನಾನು ತೊಟ್ಟಿಲ ಪಕ್ಕ ನಿಂತು ಟಕಟಕ ಸೇವೆ ಮಾಡುತ್ತಿದ್ದೆ. “ಕಾರು ಸೇದೋದು ಬಿಡ್ತಾ?” ಎಂದು ಅವರು ಮಗಳನ್ನು ಕೇಳಿದರು.

“ಬಿಡ್ತಮ್ಮ. ಜೊತೆಗೆ ಓಡೋದನ್ನೂ ಬಿಡ್ತು.”

ಅತ್ತೆ ನಕ್ಕು, ಚೀಲದಿಂದ ಬಣ್ಣಬಣ್ಣದ ಹೊಸ ಗಿಲಕಿ ತೆಗೆದು ಆಡಿಸಿದರು. ಮಗು ಕಿಟಾರನೆ ಕಿರುಚಿತು! ನಾನು ವಾಲ್ವು ಅಲ್ಲಾಡಿಸಿದೆ. ಮಗು ನಕ್ಕಿತು. ಅಂತೂ ಒಂದು ಕಡೆಯಾದರೂ ಗೆದ್ದೆನಲ್ಲ ಎಂದು ನಾನು ಎದೆಯುಬ್ಬಿಸಿದೆ.

ಅತ್ತೆ ಗಿಲಕಿಯನ್ನು ಮತ್ತೆ ಚೀಲಕ್ಕೆ ಹಾಕಿದರು.

“ಒಳ್ಳೇದಾಯ್ತು ಅಳಿಯಂದಿರೇ, ನೀವೇ ಅಲ್ಲಾಡಿಸ್ತಾ ಇರಿ. ಕೈಗೆ ಅದೊಂದು ಕೆಲಸ ಇದ್ರೆ ಮನೇಲಿ ಬೇರೆ ಏನನ್ನೂ ಬಿಚ್ಚೋದಿಲ್ಲ!”