ತೊಟ್ಟಿಯ ಐರಿಸ್ಸೂ ಮೊಮ್ಮಗನ ಬಜೆಯೂ

ನನಗೆ ಹೆದರಿಕೆ ಹುಟ್ಟುಗುಣ. ಕಚೇರಿಯಲ್ಲಿ ಅಮಲ್ದಾರರು ಕೆಮ್ಮಿದರೂ ಎದ್ದು ನಿಲ್ಲುವ ಗುಮಾಸ್ತ ನಾನು. (ಮನೆಯಲ್ಲಿ ಹೆಂಡತಿ ಕರಿಬಸಮ್ಮ ಕೆಮ್ಮಿದರೆ ಎದ್ದು ನಿಂತು ಕೈಯನ್ನೂ ಕಟ್ಟುತ್ತೇನೆ.) ಇಂಥವನ ಕೈಗೆ ಅಮಲ್ದಾರರು ವಿಷದ ಗಿಡ ಕೊಟ್ಟರು.

ಅವರ ಬಂಗಲೆಯ ಕೊಳಕ್ಕೆ ಬೆಂಗಳೂರಿನಿಂದ ಐರಿಸ್ ಎಂಬ ನೀರುಗಿಡ ಬಂದಿತ್ತು. ಹಳದಿ ಹೂವಿನದೊಂದು, ನೀಲಿ ಹೂವಿನದೊಂದು. ಇಡೀ ಮಧುಗಿರಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು. ಎರಡರಲ್ಲೂ ಮಿಕ್ಕ ಒಂದೊಂದು ಗೆಡ್ಡೆಯನ್ನು ನನಗೆ ದಯಪಾಲಿಸಿ, "ಹೂ ಬರೋವರೆಗೂ ಎರಡೂ ಒಂದೇ ಥರ ಕಾಣ್ತವೆ. ಎಲೆ ಮುಟ್ಟಿ ನೋಡಿ. ನಡುವೆ ನರ ಉಬ್ಬಿದ್ದರೆ ಹಳದಿ, ನುಣ್ಣಗಿದ್ದರೆ ನೀಲಿ. ಹಳದಿಯ ಗೆಡ್ಡೆ ಮಾತ್ರ ಬಾಯಿಗೆ ಹೋದೀತು, ಜೋಕೆ! ವಿಷ" ಎಂದರು.

ತಂದು ಹಿತ್ತಲ ಕಲ್ಲುತೊಟ್ಟಿಯಲ್ಲಿ ನೆಟ್ಟೆ. ಅದರಲ್ಲಿ, ಕೂಸುಗಳ ಹೊಟ್ಟೆನೋವಿಗೆ ತೇಯ್ದು ನೆಕ್ಕಿಸುವ ಕರಿಬಸಮ್ಮನ ಬಜೆ ಮೊದಲೇ ಇತ್ತು. ಮೂರಕ್ಕೂ ಕತ್ತಿಯಂಥ ಎಲೆ. ಒಂದು ದಿನ ಪಾಚಿ ತೆಗೆಯುವಾಗ ಅವಳು ಮೂರನ್ನೂ ಕಿತ್ತು, ತೋಚಿದ ಕಡೆ ಮತ್ತೆ ನೆಟ್ಟಳು. ಯಾವುದು ಎಲ್ಲಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮಂಗಳವಾರ ಕಚೇರಿಯಿಂದ ಬಂದಾಗ, ಬಾಣಂತನಕ್ಕೆ ಬಂದಿದ್ದ ಮಗಳ ಮೂರು ತಿಂಗಳ ಕೂಸು ಹೊಟ್ಟೆನೋವಿಗೆ ಕಿರುಚುತ್ತಿತ್ತು. ಕರಿಬಸಮ್ಮ ಸಾಣೆಕಲ್ಲಿನ ಮುಂದೆ ಕೂತು ಗೆಡ್ಡೆ ತೇಯುತ್ತಿದ್ದಳು. ಪಕ್ಕದಲ್ಲಿ ಅದರ ಎಲೆ. ಮುಟ್ಟಿದೆ. ನಡುವೆ ನರ!

"ಲೇ, ನಿಲ್ಸು! ಅದು ಹಳದಿ! ವಿಷ! ಕೂಸಿಗೆ ನೆಕ್ಕಿಸಿದ್ಯಾ?"

"ಇನ್ನೂ ಇಲ್ಲ. ಬಜೆ ಕಣ್ರೀ ಇದು. ಒಣಗಿಸಿದ್ದು ಮುಗಿದೋಗಿತ್ತು, ಈಗ ಕಿತ್ತೆ. ಮೂಸಿ ನೋಡಿ."

ಮೂಸಿದೆ. ಇಪ್ಪತ್ತು ವರ್ಷ ನಶ್ಯ ಏರಿಸಿದ ಮೂಗು. ಅದಕ್ಕೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. "ವಾಸನೇನೇ ಇಲ್ಲ!" ಎಂದು ಅರಚಿದೆ.

"ನಿಮ್ಮ ಮೂಗು ಸತ್ತು ಯಾವ ಕಾಲ ಆಯ್ತು. ಬುಡಿ ಅತ್ಲಾಗೆ."

ಬಿಡಲಿಲ್ಲ. ಕೂಸಿನ ಪ್ರಾಣದ ಪ್ರಶ್ನೆ! ಹೆಂಡತಿಯ ಕೈಯಿಂದ ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಕಿತ್ತುಕೊಂಡು, ಸಾಣೆಕಲ್ಲನ್ನು ಅಟ್ಟದ ಮೇಲಿಟ್ಟು ತೊಟ್ಟಿಗೆ ಓಡಿದೆ. ಉಳಿದದ್ದು ಎರಡು ಗಿಡ. ಒಂದರ ಎಲೆ ನುಣ್ಣಗಿತ್ತು, ಅದು ನೀಲಿ. ಹಳದಿಯನ್ನು ಇವಳು ಕಿತ್ತಾಗಿದೆ. ಮೂರರಲ್ಲಿ ಎರಡು ಕಳೆದರೆ ಮಿಕ್ಕದ್ದು ಬಜೆ. (ಗುಮಾಸ್ತನ ಕಳೆಯುವ ಲೆಕ್ಕ, ತಪ್ಪುವುದುಂಟೇ!) ಅದರ ಎಲೆ ಮುಟ್ಟುವ ಅಗತ್ಯವೇ ಕಾಣಲಿಲ್ಲ. ಕಿತ್ತು, ತೊಳೆದು, ಅಂಗಳದ ಕಲ್ಲಿನ ಮೇಲೆ ತೇಯ್ದೆ.

"ಈಗ ಕೊಡು ಮಗೂನ."

ಕರಿಬಸಮ್ಮ ಕೂಸನ್ನು ಸೆರಗಿನೊಳಗೆ ಅವುಚಿಕೊಂಡಳು. "ಔಷ್ದ ತೇಯ್ದೋರು ಮೊದ್ಲು ತಾವು ನೆಕ್ಬೇಕು. ನಮ್ಮವ್ವ ಅಂಗೇ ಮಾಡ್ತಿದ್ಲು. ನಂದನ್ನ ನಾನೂ ಆಗ್ಲೇ ನೆಕ್ಕಿದೀನಿ. ನೀವೂ ನೆಕ್ಕಿ."

ನೆಕ್ಕಿದ್ದಾಳೆ! ಹೆಂಡತಿಯೂ ಹೋದಳಲ್ಲಪ್ಪ ಎಂದು ನನ್ನ ಎದೆ ಒಡೆಯಿತು. ಅವಳಿಲ್ಲದೆ ನಾನು ಯಾರಿಗೆ ಹೆದರಿ ಬಾಳಲಿ? ಅಳುತ್ತಲೇ, ಶುದ್ಧ ಬಜೆ ಎಂದರೆ ಹೇಗಿರುತ್ತದೆಂದು ಅವಳಿಗೆ ತೋರಿಸಲು, ಒಂದು ಬೆರಳು ತುಂಬ ತೆಗೆದು ನೆಕ್ಕಿದೆ.

ನಾಲಿಗೆಯ ಮೇಲೆ ಮೆಣಸಿನಕಾಯಿ ಅರೆದಂತಾಯಿತು. ಹಿತ್ತಲಿಗೆ ಓಡಿ, ಮಧ್ಯಾಹ್ನದ ಊಟವನ್ನೆಲ್ಲ ಭೂಮಿತಾಯಿಗೆ ಒಪ್ಪಿಸಿದೆ.

ಕರಿಬಸಮ್ಮ ನನ್ನ ಗೆಡ್ಡೆಯನ್ನು ಮೂಸಿದಳು. "ಇದ್ರಲ್ಲಿ ಘಮಾನೇ ಇಲ್ಲ. ಎಲೆ ಮುಟ್ಟಿ ನೋಡ್ರೀ."

ಮುಟ್ಟಿದೆ. ನಡುವೆ ನರ.

"ಬಜೆಗೂ ನರ ಐತೆ ಅಂತ ನಿಮ್ಮ ಅಮಲ್ದಾರ್ರು ಏಳ್ಲಿಲ್ವಾ?"

ಅಟ್ಟದಿಂದ ತನ್ನ ಸಾಣೆಕಲ್ಲನ್ನು ಇಳಿಸಿ, ಕೂಸಿಗೆ ಒಂದು ಹನಿ ನೆಕ್ಕಿಸಿದಳು. ಅದು ತೇಗಿ, ಸುಮ್ಮನಾಗಿ, ನಿದ್ದೆ ಹೋಯಿತು. ಆಮೇಲೆ ಮಿಕ್ಕದ್ದನ್ನೆಲ್ಲ ಬಿಸಿನೀರಿನಲ್ಲಿ ಕದಡಿ, ಕೂಸಿಗೆ ಹಾಲು ಕುಡಿಸುವ ಒಳಲೆಗೆ ಹಾಕಿಕೊಂಡು ನನ್ನ ಬಳಿ ಬಂದಳು. ಮೂಗು ಹಿಡಿದಳು. ಕುಡಿದೆ. ಮಗಳು ನೋಡುತ್ತಿದ್ದಂತೆಯೇ ನನ್ನನ್ನು ಬೋರಲು ಮಲಗಿಸಿ ಬೆನ್ನು ತಟ್ಟತೊಡಗಿದಳು.

"ತೇಗು ಬರೋಗಂಟ ಕದಲ್ಬ್ಯಾಡಿ" ಎಂದಳು.

ಕದಲಲಿಲ್ಲ.