ಚಿಗವ್ವನ ಗೇಣು ಎಷ್ಟುದ್ದ?

ಪೋರ್ಚುಗೀಸರು ಹೋದ ಮೇಲೆ ಗೋವಾದಲ್ಲಿ ಯುದ್ಧವೇ ನಡೆದಿಲ್ಲ ಎಂದು ನೀವು ನಂಬಿದ್ದರೆ, ನಮ್ಮ ಕಾಕಾನ ಖೋಲಿಗೆ ಕಾಲಿಟ್ಟಿಲ್ಲ ಎಂದೇ ಅರ್ಥ! ದಾಬೋಲಿಮ್‌ನಲ್ಲಿ ಇಳಿಯುವ ವಿಮಾನಕ್ಕೆ ತಗಡು ನಡುಗುವ ಆ ಒಂದೇ ಖೋಲಿಯಲ್ಲಿ ಎರಡು ದಂಡುಗಳು ವರ್ಷಾನುಗಟ್ಟಲೆ ಬಡಿದಾಡಿವೆ. ಈ ಕಡೆ ಕಡಲ ಚಿಪ್ಪುಗಳು, ಸೇನಾಪತಿ ಕಾಕಾ. ಆ ಕಡೆ ಕೆಂಪು ಮಣಿಗಳು, ಸೇನಾಪತಿ ಬೀಚಿನಲ್ಲಿ ಸರ ಮಾರುತ್ತಿದ್ದ ಅವನ ಹೆಂಡತಿ, ನಮ್ಮ ಚಿಗವ್ವ. ಮಳೆಗಾಲಕ್ಕೆ ಬೀಚು ಖಾಲಿ, ಬಂದರಿನಲ್ಲಿ ಕಾಕಾನ ಹಮಾಲಿಯೂ ಅಷ್ಟಕ್ಕಷ್ಟೇ. ಗಂಡ ಹೆಂಡತಿ ಜಗಳಾಡುವ ಬದಲು ಹಲಗೆಯ ಮೇಲೆ ಈ ಯುದ್ಧದಾಟ ಹೂಡುತ್ತಿದ್ದರು. ನನ್ನ ಮಾತು ಕೇಳಿ, ನೀವೂ ಹೂಡಿ. ಪಾತ್ರೆಗಳಾದರೂ ಉಳಿಯುತ್ತವೆ!

ಚಿಗವ್ವ ತೀರಿಕೊಂಡ ಮೇಲೆ ಕದನವಿರಾಮ. ಈ ಮಳೆಗಾಲ ಆಕೆಯ ಅಂಗಡಿಯ ಹಲಗೆಯನ್ನು ಅಗ್ಗಕ್ಕೆ ಹೊಡೆಯೋಣವೆಂದು ನಾನೇ ಹೋಗಿದ್ದೆ. ಸಾಗವಾನಿ, ಸುಮ್ಮನೆ ಬಿಡಲಾದೀತೇ? ಹುಳ ಹತ್ತಿದೆಯೋ ಎಂದು ತಿರುವಿ ನೋಡಿದರೆ, ಅಡಿಯಲ್ಲೆಲ್ಲ ದೋಣಿಗೆ ಬಳಿಯುವ ನೀಲಿ ಬಣ್ಣದ ಬರಹ. ಯುದ್ಧದ ಕಾನೂನು! ಸೋರುವ ನೀರು ಬಿದ್ದರೆ ತೋಪು ಹಾರುವುದಿಲ್ಲ. ಸತ್ತವರನ್ನು ಬೋರಲು ಹಾಕಬೇಕು, ಅವರು ಆಟ ನೋಡಬಾರದು. ಒಬ್ಬರು ದಂಡು ನಡೆಸುವಾಗ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಒಂದು ನಡಿಗೆಗೆ ಒಂದು ಗೇಣು, ಪ್ರತಿಯೊಬ್ಬರೂ ತಮ್ಮ ತಮ್ಮ ಗೇಣಿನಿಂದಲೇ ಅಳೆಯಬೇಕು.

ನಾನು ನಕ್ಕೇಬಿಟ್ಟೆ. "ಕಾಕಾ, ಇದು ಹಾಡಹಗಲ ದರೋಡಿ! ನಿನ್ನ ಕೈ ಅಂದ್ರ ಸಲಿಕಿ. ಆಕಿ ಗೇಣು ಎಲ್ಲಿ, ನಿನ್ನ ಗೇಣು ಎಲ್ಲಿ?"

"ಅದಕ್ಕ ಒಮ್ಮೆನೂ ಗೆಲ್ಲಲಿಲ್ಲವ್ವಾ ಆಕಿ," ಎಂದ ಕಾಕಾ. "'ಇಬ್ಬರಿಗೂ ನನ್ನ ಗೇಣು ಇಡ್ರಿ' ಅಂತ ಭಾಳ ಬಡಕೊಂಡ್ಲು. ನಾ ಕೇಳಲಿಲ್ಲ. ಈಗ ತಿದ್ದಬೇಕಂತ ಮಾಡೇನಿ."

"ತಿದ್ದು. ಯಾರು ಬ್ಯಾಡಂದ್ರು?"

"ಎಷ್ಟಿತ್ತು ಆಕಿ ಗೇಣು? ನೆನಪ ಆಗವಲ್ದು."

ಅಳತೆಯ ಮಾತು ಬಂದರೆ ನನಗೇ ಬಿಡಿ! ಹೂವನ್ನು ಮಾರುವವರ ಮೊಳದಿಂದ ಅಳೆಯುತ್ತಾರಲ್ಲ, ಅದಕ್ಕೇ ಉದ್ದ ಕೈಯವಳನ್ನು ಹುಡುಕಿ ಕೊಳ್ಳಿ ಎಂದು ಓಣಿಗೆಲ್ಲ ಕಲಿಸಿದವಳು ನಾನು. ನನ್ನ ಕೈಯನ್ನೇ ಚಾಚಿದೆ. "ದೊಡ್ಡದಾತು," ಎಂದ. ಬೆರಳು ಬಗ್ಗಿಸಿದೆ. "ಸಣ್ಣದಾತು."

"ಕಾಕಾ, ನಡುವ ಎಲ್ಲೆರೆ ಮುಗಿಸು!"

"ಆಕಿ ಕೈ ಏನು ಬದನಿಕಾಯಿ ಏನಬೇ, ಚೌಕಾಸಿ ಮಾಡಾಕ?"

ಹಾಗೆಂದವನೇ ಹಲಗೆಯ ಮೇಲೆ ಎರಡೂ ದಂಡು ಹೂಡಿದ. ಒಂದು ಚಿಪ್ಪು ಮುಂದೆ ಸರಿಸಿದ. ಆಮೇಲೆ ನನ್ನನ್ನೂ ಹೊರಗೆ ಎಳೆದು, ಬಾಗಿಲಿಗೆ ಕೀಲಿ ಜಡಿದ.

"ಎಲ್ಲಿಗಿ?"

"ಎಲ್ಲಿಗೂ ಇಲ್ಲ. ಈಗ ಆಕಿ ಪಾಳಿ."

ಎದುರಿನ ಗಾಡಿಯಲ್ಲಿ ಚಹಾ ಕುಡಿದು ಬಂದೆವು. ಅಂಚಿನಲ್ಲಿದ್ದ ಕೆಂಪು ಮಣಿಯೊಂದು ನಡು ಮೈದಾನಕ್ಕೆ ಬಂದು ನಿಂತಿತ್ತು. ಅದರ ಹಿಂದೆ, ಬಂದ ದಾರಿಯುದ್ದಕ್ಕೂ, ನೀರಿನ ಗೆರೆ. ಮುಟ್ಟಿ ನಾಲಿಗೆಗೆ ಹಚ್ಚಿದೆ. ಉಪ್ಪು!

ನಾನು ದೆವ್ವಕ್ಕೆ ಹೆದರುವವಳಲ್ಲ, ಮೊದಲು ಮಾಲು ಪರೀಕ್ಷಿಸುವವಳು. ಹಲಗೆ ಇಳಿಜಾರೇ? ಬೇರೊಂದು ಮಣಿ ಇಟ್ಟೆ, ಅಲ್ಲಾಡಲಿಲ್ಲ. ಇಲಿಯೇ? ಸುತ್ತ ಬೂದಿ ಉದುರಿಸಿದೆ. ಆ ಮಣಿಗೆ ಸಿಕ್ಕು ಸತ್ತ ಚಿಪ್ಪುಗಳನ್ನು ಕಾಕಾ ಕಾನೂನಿನಂತೆ ಬೋರಲು ಹಾಕಿ, ತನ್ನ ಪಾಳಿಗೆ ಇನ್ನೊಂದು ಚಿಪ್ಪು ಸರಿಸಿದ. ಈ ಸಲ ಕೀಲಿಕೈ ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೊರಬಂದೆ.

ತಿರುಗಿ ಬಂದಾಗ ಬೂದಿಯ ಮೇಲೆ ಒಂದು ಗೀರೂ ಇಲ್ಲ. ಮಣಿ ಮತ್ತೆ ಮುಂದೆ. ಬೋರಲು ಬಿದ್ದಿದ್ದ ಚಿಪ್ಪುಗಳೆಲ್ಲ ಅಂಗಾತ ಮಲಗಿ, ಬಾಯಿ ತೆರೆದು, ನಮ್ಮನ್ನೇ ನೋಡುತ್ತಿದ್ದವು! ದಾರ ಹಿಡಿದು ಮಣಿಯ ಎರಡೂ ನಡಿಗೆಗಳನ್ನು ಅಳೆದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಗಾಳಿಗೆ ಅಳತೆ ಗೊತ್ತಿರುತ್ತದೆಯೇ? ಹೇಳಿ ನೋಡೋಣ!

"ಕಾಕಾ, ನಿನಗ ಹೆದರಿಕಿ ಆಗವಲ್ದೇನು?"

"ಹೆಂಡತಿಗೆ ಹೆದರೂದು ಇವತ್ತು ಸುರು ಮಾಡೇನೇನು?"

ಹಾಗೆಂದು ನನ್ನ ಕೈಯಿಂದ ದಾರ ಇಸಿದುಕೊಂಡ. ಅದನ್ನು ಹಲಗೆಯ ಮೇಲೆ ನೀಟಾಗಿ ಚಾಚಿ, ಮೂಟೆ ಹೊತ್ತು ಒರಟಾದ ತನ್ನ ಕೈಯನ್ನು ಪಕ್ಕದಲ್ಲಿ ಅಗಲಿಸಿದ. ಗೇಣು ದಾರವನ್ನು ದಾಟಿ ಎಲ್ಲಿಗೋ ಹೋಯಿತು. ಕಿರುಬೆರಳು ಮಡಚಿದ. ಉಂಗುರದ ಬೆರಳು ಮಡಚಿದ. ನಡುಬೆರಳೂ ಮಡಚಿದ. ಹೆಬ್ಬೆರಳಿಂದ ತೋರುಬೆರಳಿಗೆ ದಾರ ಸರಿಯಾಗಿ ಕೂತಿತು.

"ನನ್ನ ಚೋಟು ಅಂದ್ರ ಆಕಿ ಗೇಣು," ಎಂದ ಮೆಲ್ಲಗೆ. "ಇಷ್ಟ ಇತ್ತಲ್ಲವ್ವಾ ಕೈ. ಇಷ್ಟ."

ಇಳಿಜಾರು, ಇಲಿ, ಗಾಳಿ, ನನ್ನ ವಾದಗಳಿನ್ನೂ ಮುಗಿದಿರಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಬಿಟ್ಟೆ.

ಕಾಕಾ ತನ್ನ ದೊಡ್ಡ ಚಿಪ್ಪನ್ನು ಆ ಚೋಟಿನಿಂದಲೇ ಅಳೆದು ನಡೆಸಿದ. ಹಳೆಯ ಗೇಣಾಗಿದ್ದರೆ ಮಣಿಗಳ ಸಾಲು ದಾಟಿಬಿಡುತ್ತಿತ್ತು. ಈಗ ಅದು ಎಡವಿದ ಆನೆಯಂತೆ ಅವುಗಳ ಎದುರಿಗೇ ಬಂದು ನಿಂತಿತು. ಸೋಲು ಖರೇ! ಅವನು ಮಾತ್ರ ಮದುಮಗನಂತೆ ನಾಚಿ ನಕ್ಕು, ನನ್ನನ್ನು ಮುಂದೆ ದಬ್ಬಿ, ಕೊಡೆಯನ್ನೂ ಹಿಡಿಯದೆ ಮಳೆಗೆ ಹೊರಟ. ಹೊಸ್ತಿಲಲ್ಲಿ ನಿಂತು, ಖಾಲಿ ಖೋಲಿಗೆ ಹೇಳಿದ:

"ಸಾವಕಾಶ ಆಡು. ನನಗೇನೂ ಗಡಿಬಿಡಿ ಇಲ್ಲ."