ಖಾಲಿ ಮನೆಯ ವಾರಸುದಾರ

ತೆರಿಗೆ ಕಚೇರಿಯಿಂದ ಬಂದ ಫೋನಿಗೆ, ಬೀಗ ಮಾಡಿ ರಿಪೇರಿ ಮಾಡುವ ನಮ್ಮ ಬೀಗದವನು ಮೆಲ್ಲಗೆ ಉತ್ತರಿಸಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. "ಇವತ್ತೇ ಬರ್ತೀರಾ ಮೇಡಂ?" ಎಂದು ಅವನು ಕಿರುಚಿದ್ದು ಪಕ್ಕದ ಮನೆಯ ಪಾಯಿಂಟು ಮಾವನ ಕಿವಿಗೆ ಬಿತ್ತು.

ಬೀಗದವನ ಸೋದರತ್ತೆ ತೀರಿಕೊಂಡು, ಅವಳ ಮನೆ ಅವನ ಹೆಸರಿಗೆ ಬಂದಿತ್ತು. ವರ್ಷಗಟ್ಟಲೆ ಅದೇ ಮನೆಯಲ್ಲಿದ್ದು, ಅತ್ತೆಗೆ ಔಷಧಿ ಕುಡಿಸಿ, ಬದಲಿಗೆ ಬೈಗುಳ ತಿಂದವನು ಅವನು. ಈಗ ವಾರಸು ತೆರಿಗೆ ಹೆಚ್ಚಾಗಿ ಬಿದ್ದರೆ ಆ ಮನೆಯನ್ನೇ ಮಾರಬೇಕು.

ಪಾಯಿಂಟು ಮಾವ ನಿವೃತ್ತ ಗುಮಾಸ್ತರು. ಮೋಡ ಕವಿದರೂ ಅದರಲ್ಲೊಂದು ಪಾಯಿಂಟು ಹುಡುಕುವವರು.

"ಇದರಲ್ಲೊಂದು ಪಾಯಿಂಟಿದೆ ಕಣಯ್ಯ. ಮನೆ ಎಷ್ಟು ದರಿದ್ರವಾಗಿ ಕಾಣುತ್ತೋ, ತೆರಿಗೆ ಅಷ್ಟು ಕಮ್ಮಿ. ಸಾಮಾನೆಲ್ಲ ನಮ್ಮನೆಗೆ ಸಾಗಿಸು."

"ಎಲ್ಲಾ ಇದ್ದ ಹಾಗೇ ಇರಲಿ ಅಂದ್ರಲ್ಲ ಮಾವ, ಆ ಮೇಡಂ?"

"ಹಾಗಂದೇ ಅಲ್ವಾ ಅವರು ಹಿಡಿಯೋದು!"

ಅತ್ತೆಯ ಬೀರು ಮೊದಲು ಹೊರಟು, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು, ಕೊನೆಗೆ ಅವನ ಹೆಬ್ಬೆರಳ ಮೇಲೆ ಕೂತಿತು. ಅವನು ಒಂಟಿಕಾಲಲ್ಲಿ ಕುಣಿದ.

"ಭೇಷ್! ಮೇಡಂ ಮುಂದೆಯೂ ಹೀಗೇ ಕುಂಟು," ಎಂದರು ಮಾವ.

ಮಹಡಿ ಮೇಲಿನ ಟೈಲರಕ್ಕನೂ ಇಳಿದು ಬಂದಳು. ಮಂಚ, ಒಲೆ, ಪಾತ್ರೆ, ಹಾಸಿಗೆ ಹೋದವು. "ಇದೂ ಹೊಸದಾಗಿ ಕಾಣುತ್ತಪ್ಪ," ಎಂದು ಅವನ ಹಲ್ಲುಜ್ಜುವ ಬ್ರಷ್ಷನ್ನೂ ಅವಳೇ ಒಯ್ದಳು. ಎಲ್ಲವೂ ಮಾವನ ಹಿಂದಿನ ಕೋಣೆ ಸೇರಿದ ಮೇಲೆ ಮಾವ ಹೇಳಿದರು: "ಇನ್ನೊಬ್ಬರ ವಸ್ತು, ಜೋಪಾನವಾಗಿರಬೇಕು. ನಿನ್ನಲ್ಲಿರೋ ಒಳ್ಳೇ ಬೀಗ ಒಂದು ಹಾಕ್ಕೊಡು." ಅವನು ತನ್ನ ಕೈಯಾರೆ ಮಾಡಿದ ಬೀಗವನ್ನೇ ಹಾಕಿ, ಇದ್ದೊಂದೇ ಕೀಲಿಕೈಯನ್ನು ಮಾವನಿಗೆ ಕೊಟ್ಟ.

ಮಧ್ಯಾಹ್ನ ಮೇಡಂ ಬಂದು ಒಮ್ಮೆ ಕೆಮ್ಮಿದರು. ನಾಲ್ಕು ಗೋಡೆಗಳೂ ತಿರುಗಿ ಕೆಮ್ಮಿದವು.

"ನೀವು ಎಲ್ಲಿ ಮಲಗ್ತೀರಿ?"

ಬೀಗದವನು ಬಾಯಿ ತೆರೆಯುವಷ್ಟರಲ್ಲಿ ಟೈಲರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ ಮೇಡಂ! ಒಂದಿನ ಈ ಮಾವನ ಮನೆ ಜಗುಲಿ, ಒಂದಿನ ನಮ್ಮ ಮೆಟ್ಟಿಲ ಕೆಳಗೆ."

"ಅಡುಗೆ?"

"ಯಾರಾದ್ರೂ ಕರೆದು ಬಡಿಸಿದ್ರೆ ಉಂಟು," ಎಂದು ಮಾವ ನಿಟ್ಟುಸಿರುಬಿಟ್ಟರು.

ಮೇಡಂ ಪೆನ್ನು ಮುಚ್ಚಿದರು. "ಹಾಗಾದ್ರೆ ಪೂರ್ತಿ ತೆರಿಗೆ ಕಟ್ಟಬೇಕು. ವಾರಸುದಾರ ಅದೇ ಮನೇಲಿ ವಾಸ ಇದ್ರೆ ಪೂರಾ ಮಾಫಿ. ಅದನ್ನ ನೋಡೋಕೇ ಬಂದಿದ್ದೆ. ನೀವು ಇಲ್ಲಿ ಇರೋದೇ ಇಲ್ವಲ್ಲ."

ಬೀಗದವನು ಕುಂಟುವುದನ್ನೂ ಮರೆತು ನೆಗೆದ. "ಇಲ್ಲೇ ಇದ್ದೀನಿ ಮೇಡಂ! ನನ್ನ ಮಂಚ, ಒಲೆ, ಎಲ್ಲಾ ಮಾವನ ಕೋಣೇಲಿದೆ!"

"ಆಸ್ತಿ ಬಚ್ಚಿಟ್ಟುಕೊಂಡವರಿಗೆ ದಂಡ ಇದೆ, ಗೊತ್ತಾ?" ಮೇಡಂ ಮಾವನ ಕಡೆ ತಿರುಗಿದರು.

ಮಾವನ ಮುಖ ಸುಣ್ಣವಾಯಿತು. "ಅಲ್ಲಿರೋದೆಲ್ಲ ನಮ್ಮದೇ ಮೇಡಂ. ಬೀರು ನಮ್ಮ ಮದುವೇದು. ತೋರಿಸೋಣ ಅಂದ್ರೆ ಕೀಲಿಕೈ ಎಲ್ಲೋ ಕಳೆದುಹೋಗಿದೆ." ಟೈಲರಕ್ಕ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದಳು.

"ನೀವು ಬೀಗದವರಲ್ವಾ?" ಎಂದರು ಮೇಡಂ. "ತೆಗೆದು ತೋರಿಸಿ. ನಿಮ್ಮ ಸಾಮಾನು ಕಂಡ್ರೆ ನಂಬ್ತೀನಿ."

ಬೀಗದವನಿಗೆ ಹೋದ ಜೀವ ಬಂದಂತಾಯಿತು. ಊರಿನ ಎಷ್ಟೋ ಬೀಗ ತೆಗೆದ ಕೈ! ಮಾವನ ಕೋಣೆಯ ಬೀಗಕ್ಕೆ ತಂತಿ ತೂರಿಸಿದ, ತಿರುವಿದ, ಬಡಿದ, ದೇವರಿಗೆ ಕೈಮುಗಿದ. ಅಂಗಿ ಬೆವರಿನಲ್ಲಿ ತೊಯ್ದು ಹೋಯಿತು. ಜಪ್ಪಯ್ಯ ಅಂದರೂ ಬೀಗ ಬಿಚ್ಚಿಕೊಳ್ಳಲಿಲ್ಲ.

ಮೇಡಂ ಬಗ್ಗಿ ನೋಡಿ ತಲೆದೂಗಿದರು. "ಪರವಾಗಿಲ್ಲ, ಒಳ್ಳೇ ಬೀಗ. ನಮ್ಮ ಕಚೇರಿಗೂ ಇಂಥದ್ದೇ ಒಂದು ಬೇಕಾಗಿತ್ತು. ಯಾರು ಮಾಡಿದ್ದು?"

"ನಾನೇ ಮೇಡಂ," ಎಂದು ಬೀಗದವನು ಅಲ್ಲೇ ಕುಸಿದು ಕೂತ.